ಕಡಲು ಕಾಣದ ದುರ್ಗಗಳು: ಐತಿಹಾಸಿಕ ನೌಕಾಸಾಹಸ ಕಾದಂಬರಿಯ ಆಕರ್ಷಣೆ ಮತ್ತು ಮಧುಗಿರಿ–ಶಿರಾ ಸೀಮೆ

ಕೊರಟಗೆರೆ ತಾಲ್ಲೂಕಿನ ಸಿದ್ದರಬೆಟ್ಟವನ್ನು ನಡುವೆ ಇಟ್ಟುಕೊಂಡು ನೋಡಿದರೆ ಉತ್ತರ ದಿಕ್ಕಿಗೆ ಮಧುಗಿರಿ, ಪಾವಗಡಗಳೂ ವಾಯವ್ಯಕ್ಕೆ ಶಿರಾವೂ ಬರುತ್ತವೆ. ಬಂಡೆಗಲ್ಲಿನ ಬೆಟ್ಟಗಳು, ಅವುಗಳ ನೆತ್ತಿಯ ಮೇಲೆ ಪಾಳೆಯಗಾರರ ಕೋಟೆಗಳು, ತಪ್ಪಲಿನಲ್ಲಿ ಮಳೆಯನ್ನೇ ನಂಬಿದ ಕೆರೆಗಳು. ಇದು ಈ ಸೀಮೆಯ ಭೂಲಕ್ಷಣ. ಮಧುಗಿರಿ, ಮಿಡಿಗೇಶಿ, ಚನ್ನರಾಯನದುರ್ಗ, ನಿಡುಗಲ್ಲು, ಪಾವಗಡ ಎಂದು ದುರ್ಗಗಳ ಸಾಲೇ ಇಲ್ಲಿದೆ. ಜಯಮಂಗಲಿಯ ನೀರು ಉತ್ತರ ಪಿನಾಕಿನಿಯನ್ನು ಕೂಡಿ, ಅದೂ ಮಳೆ ಚೆನ್ನಾಗಿ ಆದ ವರ್ಷ, ನೆಲ್ಲೂರಿನ ಆಚೆ ಬಂಗಾಳ ಕೊಲ್ಲಿಯನ್ನು ಮುಟ್ಟುತ್ತದೆ ಎಂಬುದನ್ನು ಬಿಟ್ಟರೆ ಈ ನೆಲಕ್ಕೂ ಕಡಲಿಗೂ ನಂಟಿಲ್ಲವೆಂದೇ ಮೇಲುನೋಟಕ್ಕೆ ತೋರುತ್ತದೆ. ಇಂತಹ ಸೀಮೆಯನ್ನು ಮುಂದಿಟ್ಟುಕೊಂಡು ಹಡಗು, ಹಾಯಿ, ಕಡಲ್ಗಳ್ಳರ ಕಾದಂಬರಿಗಳನ್ನು ಕುರಿತು ಬರೆಯುವುದು ಕೆಲವರಿಗೆ ವಿಚಿತ್ರವೆನಿಸಬಹುದು. ಆದರೆ 18ನೆಯ ಶತಮಾನದಲ್ಲಿ ಮೈಸೂರಿನ ಸೇನೆ ಅರಬ್ಬೀ ಸಮುದ್ರವನ್ನು ತಲಪಿದ ದಾರಿ ಶಿರಾದಿಂದ ಆರಂಭವಾಯಿತು. ಕನ್ನಡ ಕರಾವಳಿಯ ಬಂದರುಗಳನ್ನು ಆಳಿದ ಕೊನೆಯ ರಾಣಿ ಸೆರೆಯಾಳಾಗಿ ದಿನ ಕಳೆದದ್ದು ಮಧುಗಿರಿಯ ಕೋಟೆಯಲ್ಲಿ. ಕನ್ನಡದ ಐತಿಹಾಸಿಕ ಕಾದಂಬರಿ ದೀರ್ಘಕಾಲ ಕಡಲಿಗೆ ಏಕೆ ಇಳಿಯಲಿಲ್ಲ ಎಂಬ ಪ್ರಶ್ನೆಯನ್ನು ಈ ಎರಡು ಸಂಗತಿಗಳ ಬೆಳಕಿನಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ನೌಕಾಸಾಹಸ ಕಾದಂಬರಿಯ ಹುಟ್ಟಿನ ಹಿಂದೆ ಒಂದು ಸಣ್ಣ ವಿವಾದವಿದೆ. ಐತಿಹಾಸಿಕ ಕಾದಂಬರಿಯ ಪ್ರವರ್ತಕನೆನಿಸಿದ ವಾಲ್ಟರ್ ಸ್ಕಾಟ್ 1820ರ ದಶಕದ ಆರಂಭದಲ್ಲಿ ‘ದ ಪೈರೇಟ್’ ಎಂಬ ಕೃತಿಯನ್ನು ಪ್ರಕಟಿಸಿದ. ಅದನ್ನು ಓದಿದ ಅಮೆರಿಕದ ಜೇಮ್ಸ್ ಫೆನಿಮೋರ್ ಕೂಪರನಿಗೆ ಇದು ನೆಲದ ಮೇಲಿನ ಮನುಷ್ಯ ಬರೆದ ಕಡಲಕಥೆ ಎನಿಸಿತು. ಸ್ವತಃ ನೌಕಾಪಡೆಯಲ್ಲಿ ದುಡಿದಿದ್ದ ಆತ ಹಡಗಿನ ಕೆಲಸವನ್ನು ಬಲ್ಲವನು ಬರೆದರೆ ಹೇಗಿರುತ್ತದೆಂದು ತೋರಿಸಲು 1823–24ರಲ್ಲಿ ‘ದ ಪೈಲಟ್’ ಎಂಬ ಕಾದಂಬರಿಯನ್ನು ಬರೆದ. ಮುಂದೆ ನೌಕಾಧಿಕಾರಿಯೇ ಆಗಿದ್ದ ಮರಿಯಟ್, 1883ರಲ್ಲಿ ‘ಟ್ರೆಷರ್ ಐಲೆಂಡ್’ ಬರೆದ ಸ್ಟೀವನ್‌ಸನ್, 20ನೆಯ ಶತಮಾನದಲ್ಲಿ ಸಬಾಟಿನಿ, ಹಾರ್ನ್‌ಬ್ಲೋವರ್ ಸರಣಿಯ ಫಾರೆಸ್ಟರ್, 1970ರ ಆಸುಪಾಸಿನಿಂದ ಇಪ್ಪತ್ತು ಕಾದಂಬರಿಗಳ ದೊಡ್ಡ ಸರಣಿಯನ್ನು ಕಟ್ಟಿದ ಪ್ಯಾಟ್ರಿಕ್ ಒಬ್ರಿಯನ್ ಮೊದಲಾದವರಿಂದ ಈ ಪ್ರಕಾರ ಬೆಳೆಯಿತು. ಒಬ್ರಿಯನ್ನನು ಬ್ರಿಟಿಷ್ ನೌಕಾಡಳಿತದ ಕಡತಗಳನ್ನೂ ಹಡಗಿನ ದಿನಚರಿಗಳನ್ನೂ ತಿರುವಿಹಾಕಿ ನಿಜವಾಗಿ ನಡೆದ ಕಾಳಗಗಳನ್ನೇ ತನ್ನ ಕಥೆಗೆ ಅಳವಡಿಸಿಕೊಂಡನೆಂಬುದು ಇತಿಹಾಸಕಾರರು ಗಮನಿಸಬೇಕಾದ ಅಂಶ.

ಈ ಕೃತಿಗಳನ್ನು ಓದಿ ಮೆಚ್ಚಿದವರಲ್ಲಿ ಬಹುಪಾಲು ಜನ ಹಾಯಿಹಡಗನ್ನು ಕಣ್ಣಾರೆ ಕಂಡವರಲ್ಲ. ಆದುದರಿಂದ ಆಕರ್ಷಣೆಯ ಮೂಲ ಕಡಲಿನ ಪರಿಚಯದಲ್ಲಿಲ್ಲವೆಂಬುದು ಸ್ಪಷ್ಟ. ಅಪರಿಚಿತ ದ್ವೀಪಗಳು, ಬಿರುಗಾಳಿ, ನಿಧಿ ಎಂಬ ಕಾರಣಗಳನ್ನು ವಿಮರ್ಶಕರು ಸಾಮಾನ್ಯವಾಗಿ ಹೇಳುತ್ತಾರೆ. ಅವು ಬಾಲಕರ ಓದಿಗೆ ಸಾಕು. ವಯಸ್ಕ ಓದುಗನು ಒಂದೇ ಸರಣಿಯ ಇಪ್ಪತ್ತು ಸಂಪುಟಗಳನ್ನು ಓದಿ ಮುಗಿಸುವುದಕ್ಕೆ ಅವು ಸಾಲವು. ನನಗೆ ತೋರುವಂತೆ ಆ ಆಕರ್ಷಣೆಯು ಹಡಗು ಬಂದರನ್ನು ಬಿಟ್ಟ ಗಳಿಗೆಯಲ್ಲಿ ಹುಟ್ಟುವ ಒಂದು ಸ್ಥಿತಿಯಲ್ಲಿದೆ. ಅರಸನ ಅಪ್ಪಣೆ ಹಡಗನ್ನು ತಲಪಲು ತಿಂಗಳುಗಳು ಬೇಕು. ಅಷ್ಟರಲ್ಲಿ ಯುದ್ಧವೇ ಮುಗಿದು ಶತ್ರು ಮಿತ್ರನಾಗಿರಬಹುದು. ನಾಯಕನು ತನಗೆ ತಿಳಿದಷ್ಟರಲ್ಲೇ ತೀರ್ಮಾನ ಮಾಡಬೇಕು, ಅದಕ್ಕೆ ಮುಂದೆ ಉತ್ತರವನ್ನೂ ಕೊಡಬೇಕು. ಹಡಗಿನಲ್ಲಿರುವ ನೂರಾರು ಜನರಲ್ಲಿ ಯಾರೂ ಹೊರಗೆ ಹೋಗಲಾರರು. ಕುಡಿಯುವ ನೀರು, ಧಾನ್ಯ, ಮದ್ದುಗುಂಡು ಎಲ್ಲವೂ ಲೆಕ್ಕದ ವಸ್ತುಗಳು. ಗಾಳಿಯನ್ನು ಲಂಚದಿಂದ ಒಲಿಸಿಕೊಳ್ಳಲಾಗದು. ಮನುಷ್ಯನ ಯೋಗ್ಯತೆಯನ್ನು ಒರೆಗೆ ಹಚ್ಚಲು ಇದಕ್ಕಿಂತ ಬಿಗಿಯಾದ ಚೌಕಟ್ಟು ಕಾದಂಬರಿಕಾರನಿಗೆ ಸುಲಭವಾಗಿ ದೊರೆಯದು.

ನೆರೆಯ ಭಾಷೆಗಳು ಈ ಚೌಕಟ್ಟನ್ನು ಬಹಳ ಹಿಂದೆಯೇ ಬಳಸಿಕೊಂಡಿವೆ. ಗುಜರಾತಿಯಲ್ಲಿ ಗುಣವಂತರಾಯ ಆಚಾರ್ಯರು 1930ರ ದಶಕದಲ್ಲಿ ‘ದರಿಯಾಲಾಲ್’ ಕಾದಂಬರಿಯನ್ನು ಬರೆದು ಜಾಂಜಿಬಾರಿಗೆ ಹೋಗಿ ನೆಲೆಸಿದ ವರ್ತಕರನ್ನೂ ಅಲ್ಲಿನ ಗುಲಾಮರ ವ್ಯಾಪಾರವನ್ನೂ ಚಿತ್ರಿಸಿದರು. ತಮಿಳಿನಲ್ಲಿ ಕಲ್ಕಿಯವರ ‘ಪೊನ್ನಿಯಿನ್ ಸೆಲ್ವನ್’ ಕಡಲ ಪ್ರಸಂಗಗಳನ್ನು ಒಳಗೊಂಡಿದ್ದರೆ, ಸಾಂಡಿಲ್ಯನ್ 1960ರ ದಶಕದಲ್ಲಿ ಬರೆದ ‘ಕಡಲ್ ಪುರಾ’ ಆದ್ಯಂತ ನೌಕಾಸಾಹಸದ ಕಥೆ. ಈ ಪ್ರಮಾಣದಲ್ಲಿ ಹೇಳಬಹುದಾದ ಪರಂಪರೆಯೊಂದು ಕನ್ನಡದಲ್ಲಿ ಆ ಕಾಲದಲ್ಲಿ ಬೆಳೆಯಲಿಲ್ಲ.

ಸಾಮಗ್ರಿಯ ಕೊರತೆ ಇದಕ್ಕೆ ಕಾರಣವಲ್ಲ. ಕ್ರಿ.ಶ. 634ರ ಐಹೊಳೆಯ ಶಾಸನವು ಇಮ್ಮಡಿ ಪುಲಕೇಶಿಯು ಪಶ್ಚಿಮ ಸಮುದ್ರದ ಪುರಿಯನ್ನು ನೌಕೆಗಳಿಂದ ಮುತ್ತಿದುದನ್ನು ವರ್ಣಿಸುತ್ತದೆ. ಅಯ್ಯಾವೊಳೆಯ ಐನೂರ್ವರ ಪ್ರಶಸ್ತಿಗಳು ನೆಲದ ದಾರಿ, ಜಲದ ದಾರಿಗಳೆರಡರಲ್ಲೂ ಸಂಚರಿಸಿದ ವರ್ತಕರನ್ನು ಕೊಂಡಾಡುತ್ತವೆ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ದೊರೆತು 1903ರಲ್ಲಿ ಪ್ರಕಟವಾದ ಕ್ರಿ.ಶ. 2ನೆಯ ಶತಮಾನದ ಗ್ರೀಕ್ ಪ್ರಹಸನದ ಕಥೆಯಂತೂ ನೌಕಾಸಾಹಸವೇ: ಭಾರತದ ಕರಾವಳಿಯ ಅರಸನ ವಶದಲ್ಲಿದ್ದ ಖ್ಯಾರಿಟಿಯಾನ್ ಎಂಬ ತರುಣಿಯನ್ನು ಹಡಗಿನಲ್ಲಿ ಬಂದ ಅವಳ ಅಣ್ಣ, ಅರಸನಿಗೂ ಅವನ ಪರಿವಾರಕ್ಕೂ ಮದ್ಯ ಕುಡಿಸಿ ಬಿಡಿಸಿಕೊಂಡು ಹೋಗುತ್ತಾನೆ. ಅದರಲ್ಲಿನ ಅನ್ಯಭಾಷೆಯ ಮಾತುಗಳು ಕನ್ನಡವಿರಬಹುದೆಂದು 1904ರಲ್ಲಿ ಹುಲ್ಟ್ಜ್ ಸೂಚಿಸಿದಂದಿನಿಂದ ನಡೆದ ಚರ್ಚೆ ಇಂದಿಗೂ ಇತ್ಯರ್ಥವಾಗಿಲ್ಲ. ಇನ್ನು ಜೈನ ಕಾವ್ಯಗಳಿಗೆ ಬಂದರೆ, 16ನೆಯ ಶತಮಾನದ ಮೂರನೆಯ ಮಂಗರಸನು ಸಾಂಗತ್ಯಕ್ಕಿಳಿಸಿದ ಶ್ರೀಪಾಲನ ಕಥೆಯಲ್ಲಿ ವರ್ತಕ ಧವಳನ ಹಡಗು, ನಾಯಕನನ್ನು ಕಡಲಿಗೆ ನೂಕುವ ದ್ರೋಹ, ಈಜಿ ದಡ ಸೇರುವ ಪ್ರಸಂಗಗಳಿವೆ. ಆದರೆ ಅಲ್ಲಿ ಕಡಲು ಕರ್ಮಫಲದ ಪರೀಕ್ಷೆಯ ಸ್ಥಳ. ಹಾಯಿ ಕಟ್ಟುವವನ ಕೈಯ ಕಸುಬು ಕವಿಗೆ ಮುಖ್ಯವಲ್ಲ.

ಕೋಟೆಯೆಂಬ ಹಡಗು

ಹೊಸಗನ್ನಡದ ಐತಿಹಾಸಿಕ ಕಾದಂಬರಿ ಬಂಗಾಳಿ, ಮರಾಠಿಗಳ ಮೂಲಕ ಬಂದಿತು. ಬಿ. ವೆಂಕಟಾಚಾರ್ಯರು ಬಂಕಿಮಚಂದ್ರರನ್ನೂ ಗಳಗನಾಥರು ಹರಿ ನಾರಾಯಣ ಆಪ್ಟೆಯವರನ್ನೂ ಕನ್ನಡಿಗರಿಗೆ ಪರಿಚಯಿಸಿದರು. ಗಳಗನಾಥರ ಸ್ವತಂತ್ರ ಕೃತಿ ‘ಮಾಧವ ಕರುಣಾವಿಲಾಸ’ವು ವಿಜಯನಗರ ಸ್ಥಾಪನೆಯನ್ನು ಕುರಿತದ್ದು. ಆಮೇಲೆ ಕೆ.ವಿ. ಅಯ್ಯರ್, ಅ.ನ. ಕೃಷ್ಣರಾಯ, ಬಿ. ಪುಟ್ಟಸ್ವಾಮಯ್ಯ, ತ.ರಾ. ಸುಬ್ಬರಾಯ ಮೊದಲಾದವರ ಕೈಯಲ್ಲಿ ಹೊಯ್ಸಳ, ಕಲ್ಯಾಣ, ವಿಜಯನಗರ, ಚಿತ್ರದುರ್ಗಗಳು ಕಾದಂಬರಿಯ ವಸ್ತುವಾದವು. ಪಯಣವನ್ನೇ ವಸ್ತುವಾಗಿಸಿಕೊಂಡ ಎಸ್.ಎಲ್. ಭೈರಪ್ಪನವರ 1998ರ ‘ಸಾರ್ಥ’ದಲ್ಲಿಯೂ ವರ್ತಕರ ಗುಂಪು ನಡೆಯುವುದು ನೆಲದ ಮೇಲೆ.

ಇದರಿಂದ ಕನ್ನಡ ಓದುಗನಿಗೆ ಆ ರುಚಿಯೇ ಇರಲಿಲ್ಲವೆಂದು ತೀರ್ಮಾನಿಸಲಾಗದು. ಮುಂಚೆ ಹೇಳಿದ ಹಡಗಿನ ಸ್ಥಿತಿಯನ್ನು ನೆನಪಿಸಿಕೊಂಡು ‘ದುರ್ಗಾಸ್ತಮಾನ’ದಂತಹ ಕಾದಂಬರಿಯನ್ನು ಓದಿದರೆ ಸಾಮ್ಯ ತಾನಾಗಿ ಹೊಳೆಯುತ್ತದೆ. ಮುತ್ತಿಗೆಗೆ ಒಳಗಾದ ಗಿರಿದುರ್ಗವು ಬಯಲಿನ ನಡುವೆ ಲಂಗರು ಹಾಕಿದ ಹಡಗು. ಹೊರಗಿನ ಸುದ್ದಿ ಒಳಕ್ಕೆ ಬಾರದು, ಒಳಗಿನವರು ಹೊರಕ್ಕೆ ಹೋಗಲಾರರು. ಕಣಜದ ಧಾನ್ಯ, ದೊಣೆಯ ನೀರು, ಮದ್ದಿನಮನೆಯ ಮದ್ದು ಎಷ್ಟು ದಿನಕ್ಕೆ ಬರುತ್ತದೆಂಬುದೇ ಕಥೆಯ ಕಾಲಮಾನ. ಬತೇರಿಯ ಮೇಲಿನ ಕಾವಲುಗಾರ ಹಡಗಿನ ಕಂಬವೇರಿದ ನಾವಿಕನಂತೆ ದೂರದ ಧೂಳನ್ನು ನೋಡುತ್ತಾನೆ. ಒಳಗಿನ ಒಬ್ಬನ ದ್ರೋಹ ಎಲ್ಲರನ್ನೂ ಮುಳುಗಿಸುತ್ತದೆ. ನಾಯಕ ಒಂಟಿ. 1982ರಲ್ಲಿ ಪ್ರಕಟವಾಗಿ 1985ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆದ ಆ ಕೃತಿಯ ಜನಪ್ರಿಯತೆಗೆ ಚಿತ್ರದುರ್ಗದ ಅಭಿಮಾನದ ಜೊತೆಗೆ ಈ ಚೌಕಟ್ಟಿನ ಬಿಗಿಯೂ ಕಾರಣವೆಂದು ನಾನು ಭಾವಿಸುತ್ತೇನೆ.

ಮಧುಗಿರಿಯ ಕೋಟೆಯನ್ನು ಹತ್ತಿದವರಿಗೆ ಈ ಹೋಲಿಕೆ ಅತಿಯೆನಿಸದು. ಅಂತರಾಳದ ಬಾಗಿಲು, ದಿಡ್ಡಿ ಬಾಗಿಲು, ಮೈಸೂರು ಬಾಗಿಲುಗಳನ್ನು ದಾಟಿ, ನವಿಲುದೊಣೆ ಭೀಮನದೊಣೆಗಳ ನೀರನ್ನು ನೋಡಿಕೊಂಡು, ಕೊನೆಗೆ ಹಿಡಿಯಲು ಏನೂ ಇಲ್ಲದ ಬೋಳು ಬಂಡೆಯ ಇಳಿಜಾರಿನಲ್ಲಿ ಕಾಲಿಡುವಾಗ ಈ ಬೆಟ್ಟದಿಂದ ಇಳಿದು ಹೋಗುವುದೂ ಇದನ್ನು ಏರಿ ಗೆಲ್ಲುವುದೂ ಎಷ್ಟು ಕಷ್ಟವೆಂಬುದು ಮನವರಿಕೆಯಾಗುತ್ತದೆ. ಇಲ್ಲಿನ ಗೌಡವಂಶದ ಪಾಳೆಯಗಾರರಿಂದ 1678ರಲ್ಲಿ ಚಿಕ್ಕದೇವರಾಜ ಒಡೆಯರ ಸೇನೆ ಇದನ್ನು ವಶಪಡಿಸಿಕೊಂಡಿತು. ಮುಂದೆ ಹೈದರ್ ಅಲಿಯ ಕಾಲದಲ್ಲಿ ಕೋಟೆ ಭದ್ರಗೊಂಡಿತು. ಸೆರೆಮನೆಯಾಗಿ ಇದನ್ನು ಬಳಸಲು ಅವನಿಗೆ ತೋಚಿದುದು ಸಹಜವೇ.

ಶಿರಾದಿಂದ ಸಮುದ್ರಕ್ಕೆ, ಸಮುದ್ರದಿಂದ ಮಧುಗಿರಿಗೆ

ಶಿರಾ 1687ರಿಂದ 1757ರವರೆಗೆ ಮೊಗಲರ ಸುಬಾದ ಕೇಂದ್ರವಾಗಿತ್ತು. 1757ರಲ್ಲಿ ಮರಾಠರ ಕೈಸೇರಿದ ಈ ಪಟ್ಟಣವನ್ನು 1761ರಲ್ಲಿ ಬಸಾಲತ್ ಜಂಗನೂ ಹೈದರನೂ ಕೂಡಿ ಹಿಡಿದರು. ಬಸಾಲತ್ ಜಂಗನಿಗೆ ಹಣದ ತುರ್ತು, ಹೈದರನಿಗೆ ಪದವಿಯ ಅಗತ್ಯ. ಕಾಣಿಕೆಯನ್ನು ಸ್ವೀಕರಿಸಿ ಬಸಾಲತ್ ಜಂಗನು ಅವನಿಗೆ ಶಿರಾದ ನವಾಬಗಿರಿಯನ್ನು ದಯಪಾಲಿಸಿದ. ಶಿರಾದ ಹೆಸರಿನಲ್ಲಿ ಸುತ್ತಲಿನ ಪಾಳೆಯಪಟ್ಟುಗಳಿಂದ ಕಪ್ಪ ಕೇಳುವ ಹಕ್ಕು ಹೈದರನಿಗೆ ಬಂತು. ಚಿಕ್ಕಬಳ್ಳಾಪುರ, ರಾಯದುರ್ಗ, ಹರಪನಹಳ್ಳಿಗಳ ಬಳಿಕ ಚಿತ್ರದುರ್ಗದ ಸರದಿ ಬಂದಾಗ ಅಲ್ಲಿನ ನಾಯಕನು ಒಬ್ಬ ಯುವಕನನ್ನು ಅವನ ಮುಂದೆ ನಿಲ್ಲಿಸಿದ. ಬಿದನೂರಿನ ಅರಸ ಚನ್ನಬಸಪ್ಪ ನಾಯಕನು 1757ರಲ್ಲಿ ಕೊಲೆಯಾದನೆಂಬ ಸುದ್ದಿ ಸುಳ್ಳು, ಆತ ತಾನೇ, ತಪ್ಪಿಸಿಕೊಂಡು ಬದುಕಿ ಉಳಿದಿದ್ದೇನೆ ಎಂದು ಆ ಯುವಕ ಹೇಳಿಕೊಂಡ. ಹೈದರನ ಸೈನಿಕರು ಅವನಿಗೆ ‘ಗೈಬು ರಾಜ’ ಎಂದು ಹೆಸರಿಟ್ಟು ನಗುತ್ತಿದ್ದರೆಂದು ವಿಲ್ಕ್ಸ್ ದಾಖಲಿಸಿದ್ದಾನೆ. ನಂಬಿದನೋ ನಟಿಸಿದನೋ, ಹೈದರನಿಗೆ ಬಿದನೂರಿನ ಮೇಲೆ ಹೋಗಲು ನೆವ ದೊರೆಯಿತು. 1763ರ ಜನವರಿಯಲ್ಲಿ ದಂಡು ಹೊರಟಿತು. ಬಿದನೂರಿನಲ್ಲಿ ಸೆರೆಯಲ್ಲಿದ್ದು ಹೊರಬಂದ ಲಿಂಗಣ್ಣನೆಂಬ ಮಂತ್ರಿ ಕಾಡಿನ ಗುಪ್ತ ದಾರಿಯನ್ನು ತೋರಿಸಿದ. ರಾಣಿ ವೀರಮ್ಮಾಜಿ ರಾಜಧಾನಿಯನ್ನು ಬಿಟ್ಟು ಬಲ್ಲಾಳರಾಯನದುರ್ಗವನ್ನು ಸೇರಿದಳು, ಅಲ್ಲಿ ಸೆರೆಸಿಕ್ಕಳು.

ಬಿದನೂರು ಘಟ್ಟದ ಮೇಲಿನ ರಾಜಧಾನಿಯಾದರೂ ಅದರ ಸಂಪತ್ತು ಘಟ್ಟದ ಕೆಳಗಿನ ಬಂದರುಗಳಿಂದ ಬರುತ್ತಿತ್ತು. ಹೊನ್ನಾವರ, ಗಂಗೊಳ್ಳಿ, ಬಸರೂರು, ಮಂಗಳೂರುಗಳ ಕೋಟೆಗಳನ್ನು ಶಿವಪ್ಪ ನಾಯಕನು 1650ರ ದಶಕದಲ್ಲಿ ಪೋರ್ಚುಗೀಸರಿಂದ ಕಿತ್ತುಕೊಂಡಿದ್ದ. ಅಕ್ಕಿ, ಮೆಣಸುಗಳು ಗೋವೆಗೂ ಮಸ್ಕತ್ತಿಗೂ ಹೋಗುತ್ತಿದ್ದವು. ಬಸರೂರು ಎಷ್ಟು ಸಂಪನ್ನವಾಗಿತ್ತೆಂಬುದಕ್ಕೆ 1665ರ ಫೆಬ್ರವರಿಯಲ್ಲಿ ಶಿವಾಜಿಯೇ ಸ್ವತಃ ಹಡಗನ್ನೇರಿ ಬಂದು ಅದನ್ನು ಸೂರೆ ಮಾಡಿದುದು ಸಾಕ್ಷಿ. ಮಾಲವಣದಿಂದ ಹೊರಟ ಆ ಪಡೆಯಲ್ಲಿ 85 ಸಣ್ಣ ಯುದ್ಧನೌಕೆಗಳೂ 3 ದೊಡ್ಡ ಹಡಗುಗಳೂ ಇದ್ದುವೆಂದು ಕಾರವಾರದ ಇಂಗ್ಲಿಷ್ ವರ್ತಕರು ಬರೆದರು. ಕುದುರೆಯ ಬೆನ್ನಿನ ಮೇಲೆ ನಾವು ಕಲ್ಪಿಸಿಕೊಳ್ಳುವ ಶಿವಾಜಿ ಎದುರುಗಾಳಿಗೆ ಸಿಕ್ಕಿ ದಿನಗಟ್ಟಲೆ ಕಡಲಲ್ಲಿ ಕಾದು ಗೋಕರ್ಣದಲ್ಲಿ ಇಳಿದ ಈ ಪ್ರಸಂಗ ಯಾವ ನೌಕಾಕಾದಂಬರಿಗೂ ಕಡಿಮೆಯದಲ್ಲ. (ಭೂಪಟವನ್ನು ನೋಡಿದರೆ ಬಸರೂರೂ ಮಧುಗಿರಿಯೂ ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿವೆ, ನಡುವಿನ ದೂರ ನೇರ ಗೆರೆಯಲ್ಲಿ ಸುಮಾರು 270 ಕಿ.ಮೀ.)

ಈ ಬಂದರುಗಳು ಕೈಸೇರಿದೊಡನೆ ಹೈದರನು ಪಶ್ಚಿಮ ತೀರದಲ್ಲಿ ಹಡಗುಕಟ್ಟೆಯನ್ನೂ ನೌಕಾಶಸ್ತ್ರಾಗಾರವನ್ನೂ ಏರ್ಪಡಿಸಿದ. ಬಿದನೂರಿಗೆ ಹೈದರ್‌ನಗರವೆಂದು ಹೆಸರಾಯಿತು. ಅವನನ್ನು ಕೊಲ್ಲುವ ಸಂಚೊಂದು ಅಲ್ಲಿ ಬಯಲಾಗಿ ನೂರಾರು ಜನ ಗಲ್ಲಿಗೇರಿದರು. ರಾಣಿ, ಅವಳ ದತ್ತುಪುತ್ರ, ಅವರೊಂದಿಗೆ ಆ ಗೈಬು ರಾಜ, ಎಲ್ಲರನ್ನೂ ಮಧುಗಿರಿಗೆ ಕಳುಹಿಸಲಾಯಿತೆಂದು ವಿಲ್ಕ್ಸ್ ಹೇಳುತ್ತಾನೆ. ರಾಜ್ಯವನ್ನು ಕಳೆದುಕೊಂಡವಳೂ ರಾಜ್ಯ ತನ್ನದೆಂದು ಹಕ್ಕು ಹೂಡಿ ಬಂದವನೂ ಒಂದೇ ಬಂಡೆಯ ಮೇಲಿನ ಸೆರೆಯಾಳುಗಳಾದರು. ಕೆಳದಿಯ ಚರಿತ್ರೆಯನ್ನು ಚಂಪೂವಿನಲ್ಲಿ ಹೇಳಿದ ಲಿಂಗಣ್ಣ ಕವಿಯ ‘ಕೆಳದಿನೃಪವಿಜಯ’ವೂ ಬಿದನೂರಿನ ಪತನದೊಂದಿಗೆ ಮುಗಿಯುತ್ತದೆ. ಮಳೆಗಾಲದಲ್ಲಿ ಮುಚ್ಚಿ ಸುಗ್ಗಿಯ ಮುಂಚೆ ತೆರೆಯುವ ಅಳಿವೆಗಳ ಲೆಕ್ಕದಲ್ಲಿ ವರ್ಷವನ್ನು ಎಣಿಸುತ್ತಿದ್ದ ರಾಜ್ಯದ ಒಡತಿ, ಮಳೆಯೇ ಅಪರೂಪವಾದ ಸೀಮೆಯಲ್ಲಿ ನಾಲ್ಕು ವರ್ಷ ಕಳೆಯಬೇಕಾಯಿತು.

ಇತ್ತ ಕಡಲಿನಲ್ಲಿ ಹೈದರನ ಅದೃಷ್ಟ ನೆಟ್ಟಗಿರಲಿಲ್ಲ. ಕಣ್ಣೂರಿನ ಅಲಿ ರಾಜನನ್ನು ನೌಕಾಪಡೆಗೆ ಮುಖ್ಯಸ್ಥನನ್ನಾಗಿ ಮಾಡಿದುದು, ಆತ ಮಾಲ್ಡೀವ್ ದ್ವೀಪಗಳನ್ನು ಗೆದ್ದು ಅಲ್ಲಿನ ಸುಲ್ತಾನನ ಕಣ್ಣು ಕೀಳಿಸಿ ತಂದುದು, ಹೈದರನು ಆ ಕುರುಡ ಸುಲ್ತಾನನ ಕ್ಷಮೆ ಕೇಳಿ ಅಲಿ ರಾಜನನ್ನು ಪದವಿಯಿಂದ ಇಳಿಸಿದುದು: ಈ ಕಥೆಯನ್ನು ಅವನ ಬಳಿ ದುಡಿದ ಫ್ರೆಂಚ್ ಅಧಿಕಾರಿ ದ ಲಾ ತೂರ್ ಹೇಳಿದ್ದಾನೆ. ಲಾ ತೂರನೇ ಒಬ್ಬ ಸಾಹಸಿ. ಆತನ ವರ್ಣನೆ ಇತಿಹಾಸವನ್ನು ಬಿಟ್ಟು ಕಾದಂಬರಿಯತ್ತ ವಾಲುವುದುಂಟು. ಆದುದರಿಂದ ಇದನ್ನು ಪೂರ್ತಿಯಾಗಿ ನಂಬಬೇಕಾಗಿಲ್ಲ. 1768ರ ಸಂಗತಿ ಹೆಚ್ಚು ಖಚಿತವಾದುದು. ಹೈದರನು ಕುದುರೆ ಪಡೆಯ ಸರದಾರ ಲುತ್ಫ್ ಅಲಿ ಬೇಗನನ್ನು ನೌಕಾಪಡೆಯ ಅಧಿಪತಿಯನ್ನಾಗಿ ನೇಮಿಸಿದ. ಮುಂಬಯಿಯಿಂದ ಇಂಗ್ಲಿಷರ ಹಡಗುಗಳು ಬಂದಾಗ, ಸವಾರನೊಬ್ಬನ ಅಪ್ಪಣೆಯಲ್ಲಿ ದುಡಿಯಲು ಒಲ್ಲದ ಹಡಗುಗಳ ನಾಯಕರು ಎದುರಾಳಿಯನ್ನೇ ಕೂಡಿಕೊಂಡರು. ಮಂಗಳೂರು, ಹೊನ್ನಾವರಗಳು ಕೈತಪ್ಪಿ, ಆ ವರ್ಷವೇ ಮತ್ತೆ ಕೈಸೇರಿದವು. 1780ರ ಡಿಸೆಂಬರಿನಲ್ಲಿ ಅಡ್ಮಿರಲ್ ಹ್ಯೂಸ್ ಮಂಗಳೂರಿನಲ್ಲಿದ್ದ ಹೈದರನ ಹಡಗುಗಳನ್ನು ನಾಶಪಡಿಸಿದ.

ಕೂಪರನು ಸ್ಕಾಟನ ಮೇಲೆ ಹೊರಿಸಿದ ಆಕ್ಷೇಪವನ್ನೇ ಹೊನ್ನಾವರದ ನಾವಿಕರು ಅರ್ಧ ಶತಮಾನ ಮುಂಚೆ ಹೈದರನ ಮೇಲೆ ಹೊರಿಸಿದ್ದರೆನ್ನಬಹುದು. ಬಯಲುಸೀಮೆಯ ಯುದ್ಧವಿದ್ಯೆಯಲ್ಲಿ ಬೆಳೆದ ಪ್ರಭುತ್ವವು ಕಡಲನ್ನು ಇನ್ನೊಂದು ಬಗೆಯ ಮೈದಾನವೆಂದು ಭಾವಿಸಿತು. ನಮ್ಮ ಕಾದಂಬರಿಗೂ ಮುಂದೆ ಇದೇ ತೊಡಕು ಎದುರಾಯಿತು.

ಮಾಸ್ತಿ ವೆಂಕಟೇಶ ಅಯ್ಯಂಗಾರರ ‘ಚನ್ನಬಸವನಾಯಕ’ ಕಾದಂಬರಿಯ ವಸ್ತು ಇದೇ ಬಿದನೂರಿನ ಪತನ. ರಾಜ್ಯವೊಂದು ಒಳಗಿನಿಂದ ಹೇಗೆ ಕುಸಿಯುತ್ತದೆಂಬುದನ್ನು ನಿರುದ್ವಿಗ್ನವಾಗಿ ತೋರಿಸುವ ಆ ಕೃತಿಯ ಹಿರಿಮೆಯನ್ನು ಇಲ್ಲಿ ಹೇಳಬೇಕಾಗಿಲ್ಲ. ಆದರೆ ಕಾದಂಬರಿಯ ದೃಷ್ಟಿ ನೆಟ್ಟಿರುವುದು ಅರಮನೆಯ ಮೇಲೆ. ಘಟ್ಟದ ಕೆಳಗಿನ ಬಂದರುಗಳು ಕಥೆಯ ಅಂಗಳಕ್ಕೆ ಬರುವುದು ಕಡಿಮೆ. ಇದನ್ನು ದೋಷವೆಂದು ಎಣಿಸುತ್ತಿಲ್ಲ. ಮಾಸ್ತಿಯವರು ತಮಗೆ ತಿಳಿದ ಲೋಕವನ್ನು ಬರೆದರು. ಕನ್ನಡದ ಬಹುಪಾಲು ಐತಿಹಾಸಿಕ ಕಾದಂಬರಿಕಾರರಿಗೆ ತಿಳಿದ ಲೋಕ ಘಟ್ಟದ ಮೇಲಿನದೇ ಆಗಿತ್ತು.

ಬರೆಯುವವರು ಮತ್ತು ಬಲ್ಲವರು

ಇದರ ಹಿಂದೆ ರಾಜಕೀಯ ಭೂಗೋಳದ ಕಾರಣವೊಂದಿದೆ. 1799ರಲ್ಲಿ ಟಿಪ್ಪುವಿನ ಪತನದ ಬಳಿಕ ಕೆನರಾ ಈಸ್ಟ್ ಇಂಡಿಯಾ ಕಂಪನಿಯ ಪಾಲಾಯಿತು. ಅಂದಿನಿಂದ 1956ರ ಏಕೀಕರಣದವರೆಗೆ ಮೈಸೂರು ಸಂಸ್ಥಾನಕ್ಕೆ ಕಡಲತೀರವೇ ಇರಲಿಲ್ಲ. 1862ರಲ್ಲಿ ಉತ್ತರ ಕನ್ನಡ ಮುಂಬಯಿ ಪ್ರಾಂತಕ್ಕೆ ಸೇರಿ, ದಕ್ಷಿಣ ಕನ್ನಡ ಮದ್ರಾಸಿನಲ್ಲಿ ಉಳಿಯಿತು. ಕನ್ನಡದ ಐತಿಹಾಸಿಕ ಕಾದಂಬರಿ ಹುಟ್ಟಿ ಬಲಿತದ್ದು ಸರಿಯಾಗಿ ಈ ಅವಧಿಯಲ್ಲಿ. ಅದರ ಮುಖ್ಯ ನೆಲೆಗಳು ಮೈಸೂರು, ಬೆಂಗಳೂರು, ಧಾರವಾಡಗಳು. ಹರಿದು ಹಂಚಿಹೋದ ನಾಡನ್ನು ಒಂದುಗೂಡಿಸುವ ಭಾವವೇ ಆ ಕಾದಂಬರಿಯ ಪ್ರೇರಣೆಯಾಗಿದ್ದಾಗ ಹಂಪೆಯ ನೆನಪು ಮುಂದೆ ಬಂದು, ಭಟ್ಕಳದಲ್ಲಿ ಇಳಿದು ಹಂಪೆಗೆ ನಡೆದ ಕುದುರೆಗಳ ಹಡಗು ಹಿಂದೆ ಸರಿದುದರಲ್ಲಿ ಆಶ್ಚರ್ಯವಿಲ್ಲ.

ಇನ್ನೊಂದು ಕಾರಣ ಸಾಮಾಜಿಕ. ಹಡಗು ನಡೆಸುವ ವಿದ್ಯೆ ಖಾರ್ವಿ, ಮೊಗವೀರ, ನವಾಯತ, ಬ್ಯಾರಿ ಮೊದಲಾದ ಸಮುದಾಯಗಳ ಕೈಯಲ್ಲಿತ್ತು. ಕುಂದಾಪುರದ ಮೊಗವೀರರ ಮನೆಮಾತು ಕನ್ನಡವಾದರೂ ಉಳಿದವರ ಮನೆಮಾತುಗಳು ಕೊಂಕಣಿ, ತುಳು, ನವಾಯತಿ, ಬ್ಯಾರಿ. ಗಾಳಿ, ನೀರು, ನಕ್ಷತ್ರಗಳ ಅವರ ಅರಿವು ಬಾಯಿಂದ ಬಾಯಿಗೆ ಬಂದುದು. ಕಾದಂಬರಿ ಬರೆದವರಲ್ಲಿ ಹೆಚ್ಚಿನವರು ಸಮುದ್ರಯಾನವೇ ಪ್ರಾಯಶ್ಚಿತ್ತಕ್ಕೆ ಗುರಿಯಾಗಿದ್ದ ವರ್ಗಗಳಿಂದ ಬಂದವರು. ಹಾಗಾಗಿ ಬರೆಯುವವರಿಗೆ ಕಡಲು ತಿಳಿಯದು, ಕಡಲು ತಿಳಿದವರ ಕೈಗೆ ಅಚ್ಚಿನ ಮೊಳೆ ದಕ್ಕದು. ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ಯಲ್ಲಿ ಕಡಲು ಅಷ್ಟು ಜೀವಂತವಾಗಿದ್ದರೂ ಅದು ದಂಡೆಯಿಂದ ಕಂಡ, ದಂಡೆಯವರ ಬಾಳಿನ ಭಾಗವಾದ ಕಡಲು. ವಿ.ಕೃ. ಗೋಕಾಕರ ‘ಸಮುದ್ರಗೀತೆಗಳು’ 1940ರಲ್ಲಿ ಬಂದವು. ಕಾವ್ಯವು ಕಾದಂಬರಿಗಿಂತ ಮುಂಚೆಯೇ ಹಡಗನ್ನೇರಿತು.

ಆಕರಗಳ ಸ್ಥಿತಿಯನ್ನೂ ಇಲ್ಲಿ ಗಮನಿಸಬೇಕು. ಕೋಟೆಯ ಕಥೆಗೆ ಶಾಸನ, ಕೈಫಿಯತ್ತು, ಬಖೈರುಗಳು ಕನ್ನಡದಲ್ಲಿಯೇ ಇವೆ. ಕಡಲಿನ ದಾಖಲೆಗಳು ಗೋವೆಯ ಪೋರ್ಚುಗೀಸ್ ಪತ್ರಗಳಲ್ಲಿ, ಇಂಗ್ಲಿಷ್ ಕೋಠಿಗಳ ವರದಿಗಳಲ್ಲಿ, 1623ರಲ್ಲಿ ಹೊನ್ನಾವರದಲ್ಲಿಳಿದು ಇಕ್ಕೇರಿಯನ್ನು ಕಂಡ ಇಟಲಿಯ ಪಿಯೆತ್ರೊ ದೆಲ್ಲ ವಲ್ಲೆಯಂತಹ ಪ್ರವಾಸಿಗಳ ಓಲೆಗಳಲ್ಲಿ ಚದುರಿವೆ. ಅವು ಬರೆದವರ ಹಿತವನ್ನು ಕಾಯುತ್ತವೆ. 1510ರಲ್ಲಿ ಗೋವೆಯನ್ನು ಹಿಡಿಯಲು ಅಲ್ಬುಕರ್ಕನಿಗೆ ನೆರವಾದ ಹೊನ್ನಾವರದ ತಿಮ್ಮೋಜ ಪೋರ್ಚುಗೀಸರ ಬರಹದಲ್ಲಿ ಒಮ್ಮೆ ಕಡಲ್ಗಳ್ಳ, ಇನ್ನೊಮ್ಮೆ ಮಿತ್ರ. ಆತ ತನ್ನನ್ನು ಏನೆಂದು ತಿಳಿದಿದ್ದ, ವಿಜಯನಗರದ ಅರಸನ ಹಿತವೆಷ್ಟು ತನ್ನ ಹಿತವೆಷ್ಟು ಎಂದು ಹೇಗೆ ತೂಗಿದ ಎಂಬ ಪ್ರಶ್ನೆಗೆ ಆ ಪತ್ರಗಳು ಉತ್ತರಿಸವು. ಕಾದಂಬರಿಕಾರನಿಗೆ ಇಲ್ಲಿ ಎಡೆಯಿದೆ; ಇತಿಹಾಸಕಾರನಿಗೆ ಅಪಾಯವೂ ಇದೆ. ಕಾದಂಬರಿಯು ತುಂಬಿದ ಖಾಲಿ ಜಾಗವನ್ನು ಮುಂದಿನ ತಲೆಮಾರು ಆಧಾರವೆಂದು ಉದ್ಧರಿಸುವುದನ್ನು ನಾವು ಚಿತ್ರದುರ್ಗದ ವಿಷಯದಲ್ಲಿ ಕಂಡಿದ್ದೇವೆ. ಉಳ್ಳಾಲದ ಅಬ್ಬಕ್ಕನ ವಿಷಯದಲ್ಲಿಯೂ ಕಾಣುತ್ತಿದ್ದೇವೆ.

ಈ ಕೊರತೆ 21ನೆಯ ಶತಮಾನದಲ್ಲಿ ನೀಗತೊಡಗಿತು. 2019ರಲ್ಲಿ ಪ್ರಕಟವಾದ ವಸುಧೇಂದ್ರರ ‘ತೇಜೋ-ತುಂಗಭದ್ರಾ’ ಲಿಸ್ಬನ್ನಿನ ತೇಜೋ ನದಿಯಿಂದ ತುಂಗಭದ್ರೆಯವರೆಗೆ ಹರಡಿಕೊಂಡ ಕಥೆ. ಬಡತನದಿಂದ ಪಾರಾಗಲು ಪೋರ್ಚುಗೀಸರ ಹಡಗನ್ನೇರಿ ಗೋವೆಗೆ ಬರುವ ಗೇಬ್ರಿಯಲ್‌ನ ಯಾನ ಕೃತಿಯ ಮುಖ್ಯ ಭಾಗ. ತುಂಗಭದ್ರೆಯ ಸೀಮೆಯ ಸಂಡೂರಿನಲ್ಲಿ ಬೆಳೆದ ಲೇಖಕರು ಈ ಕೃತಿಯನ್ನು ಬರೆದರೆಂಬುದೂ, ಕಡಲನ್ನು ಕಾಣದ ಜಿಲ್ಲೆಗಳಲ್ಲಿಯೂ ಅದು ಅಪಾರ ಓದುಗರನ್ನು ಪಡೆಯಿತೆಂಬುದೂ ಗಮನಾರ್ಹ. ಅದರ ಹಿಂದೆಯೇ ಗಜಾನನ ಶರ್ಮರ ‘ಚೆನ್ನಭೈರಾದೇವಿ’ ಬಂದು, ಪೋರ್ಚುಗೀಸರು ಮೆಣಸಿನ ರಾಣಿಯೆಂದು ಕರೆದ ಗೇರುಸೊಪ್ಪೆಯ ಅರಸಿಯನ್ನು ಮನೆಮಾತಾಗಿಸಿತು. ಎರಡೂ ಕೃತಿಗಳಲ್ಲಿ ಕಡಲು ಹಿನ್ನೆಲೆಯ ಚಿತ್ರವಾಗಿ ಉಳಿಯದೆ ಮೆಣಸಿನ ಬೆಲೆ, ಮತಾಂತರ, ಬಡವನ ಆಸೆ ಎಲ್ಲವನ್ನೂ ಹೊತ್ತು ತರುವ ದಾರಿಯಾಗಿದೆ. ಆದರೂ ‘ತೇಜೋ-ತುಂಗಭದ್ರಾ’ದಲ್ಲಿ ಹಡಗು ನಡೆಸುವವರು ಹೊರಗಿನವರು. ಕನ್ನಡ ಕರಾವಳಿಯ ತಾಂಡೇಲನೊಬ್ಬ ಚುಕ್ಕಾಣಿ ಹಿಡಿದು ತನ್ನ ಕಣ್ಣಿನಿಂದ ಕಥೆ ಹೇಳುವ ಐತಿಹಾಸಿಕ ಕಾದಂಬರಿಯನ್ನು ಓದುವ ಆಸೆ ನನಗಿದೆ.

ಅದಕ್ಕೆ ಬೇಕಾದ ಸಾಮಗ್ರಿಯ ಒಂದು ಭಾಗ ಈಗಾಗಲೇ ಅಚ್ಚಾಗಿದೆ. 1786ರಲ್ಲಿ ಟಿಪ್ಪು ಸುಲ್ತಾನನು ತುರ್ಕಿಯ ಸುಲ್ತಾನನ ಬಳಿಗೆ ಕಳುಹಿಸಿದ ರಾಯಭಾರಿಗಳು ಗೋಕರ್ಣದ ಬಳಿಯ ತದಡಿಯಿಂದ ಹಡಗನ್ನೇರಿದರು. ಮಸ್ಕತ್, ಬಸ್ರಾಗಳ ಮೂಲಕ ಸಾಗಿದ ಆ ಯಾನದಲ್ಲಿ ಹಡಗುಗಳು ನಷ್ಟವಾದವು. ರೋಗಕ್ಕೆ ತುತ್ತಾಗಿ, ಹೊರಟವರಲ್ಲಿ ಬಹುಪಾಲು ಜನ ಮರಳಲಿಲ್ಲ. ಜೊತೆಗಿದ್ದ ಖ್ವಾಜಾ ಅಬ್ದುಲ್ ಖಾದಿರನು ಪಾರಸಿಯಲ್ಲಿ ಬರೆದಿಟ್ಟ ದಿನಚರಿಯನ್ನು ಮೊಹಿಬ್ಬುಲ್ ಹಸನ್ 1968ರಲ್ಲಿ ಸಂಪಾದಿಸಿದ್ದಾರೆ. 1796ರಲ್ಲಿ ಟಿಪ್ಪು ನೌಕಾಡಳಿತಕ್ಕಾಗಿ ಪ್ರತ್ಯೇಕ ಇಲಾಖೆಯನ್ನು ರಚಿಸಿ 40 ಯುದ್ಧನೌಕೆಗಳನ್ನು ಕಟ್ಟಲು ಹೊರಡಿಸಿದ ಆಜ್ಞೆಗಳು ಕರ್ಕ್‌ಪ್ಯಾಟ್ರಿಕ್ 1811ರಲ್ಲಿ ಪ್ರಕಟಿಸಿದ ಸಂಪುಟದಲ್ಲಿ ದೊರೆಯುತ್ತವೆ. ತಂದೆಯ ಕಾಲದ ಸೋಲಿನಿಂದ ಮಗ ಪಾಠ ಕಲಿತಿದ್ದನೆಂಬುದು ಅವುಗಳ ವಿವರದಿಂದ ತಿಳಿಯುತ್ತದೆ. ಮೂರು ವರ್ಷಗಳಲ್ಲಿ ರಾಜ್ಯವೇ ಅಳಿಯಿತು.

ವೀರಮ್ಮಾಜಿಯ ವಿಷಯವನ್ನು ಇಲ್ಲಿ ಪೂರ್ಣಗೊಳಿಸಬಹುದು. 1767ರಲ್ಲಿ ಪೇಶ್ವೆ ಮಾಧವರಾಯನ ಸೇನೆ ಈ ಸೀಮೆಯನ್ನು ಪ್ರವೇಶಿಸಿತು. ಶಿರಾದಲ್ಲಿದ್ದ ಹೈದರನ ಬಾವಮೈದುನ ಮೀರ್ ಅಲಿ ರಜಾ ಖಾನನು ಕೋಟೆಯನ್ನು ಒಪ್ಪಿಸಿದ. ಮಧುಗಿರಿಯೂ ಮರಾಠರ ವಶವಾಗಿ ರಾಣಿಗೂ ಅವಳ ದತ್ತುಪುತ್ರ ಸೋಮಶೇಖರನಿಗೂ ಬಿಡುಗಡೆಯಾಯಿತು. ಅವರನ್ನು ಪುಣೆಗೆ ಕರೆದೊಯ್ಯುವಾಗ ದಾರಿಯಲ್ಲಿ, ನರಗುಂದದ ಬಳಿ, ರಾಣಿ ತೀರಿಕೊಂಡಳು. ಹೊನ್ನಾವರದಲ್ಲಿ ಹೈದರನ ಹಡಗುಗಳು ಇಂಗ್ಲಿಷರ ಕಡೆಗೆ ಸೇರಿಕೊಂಡದ್ದು ಅದರ ಮರುವರ್ಷ.